ಬ್ಲೌಸಿಗೆ ಅಳತೆ ಕೊಡ್ತೀರಿ, ಕಾಲಿಗೆ ಯಾಕಿಲ್ಲ?

ಬೆಳಿಗ್ಗೆ ಎದ್ದಾಗ ಹಗುರಾಗಿದ್ದ ಕಾಲು ಸಂಜೆ ದೀಪ ಹಚ್ಚುವ ಹೊತ್ತಿಗೆ ಕಲ್ಲಿನ ಹಾಗೆ ಭಾರವಾಗುತ್ತದೆಯೇ? ಕಾಲ್ಚೈನು ಬಿಗಿಯಾಗಿ ಸುತ್ತಲೂ ಗುರುತು ಮೂಡುತ್ತದೆಯೇ? ರಾತ್ರಿ ಮೀನಖಂಡ ಹಿಡಿದುಕೊಂಡು ಎದ್ದು ಕೂರುವಂತಾಗುತ್ತದೆಯೇ? ಮೊಣಕಾಲಿನ ಹಿಂದೆ ನೀಲಿ ನರಗಳು ಹುರಿಯಂತೆ ಸುತ್ತಿಕೊಂಡು ಉಬ್ಬಿವೆಯೇ? ಹಾಗಿದ್ದರೆ ಇದನ್ನು ಪೂರ್ತಿ ಓದಿ.

“ಕಾಲು ಭಾಳ ಸೆಳೀತಾವ್ರೀ, ನಿಂದ್ರಾಕ ಆಗವಲ್ದು.” ಯಾದಗಿರಿ, ಶಹಾಪುರ, ಸುರಪುರದ ಕಡೆ ಯಾರ ಅಡುಗೆಮನೆಗೆ ಹೋದರೂ ಈ ಮಾತು ಕೇಳುತ್ತದೆ. ಕೇಳಿದವರು “ವಯಸ್ಸಾಯ್ತಲ್ಲ ವೈನಿ, ನನಗೂ ಹಾಂಗೇ ಆಗ್ತದ” ಅಂತ ಸಮಾಧಾನ ಹೇಳಿ ಮುಗಿಸುತ್ತಾರೆ. ಯಾರೋ ಒಬ್ಬರು “ಮೆಡಿಕಲ್ ಶಾಪಿನಾಗ ಬಿಗಿ ಸಾಕ್ಸು ಸಿಗ್ತದ, ಅದನ್ನ ಹಾಕ್ಕೋ” ಅನ್ನುತ್ತಾರೆ. ಮನೆಯವರು ಹೋಗಿ ಮೀಡಿಯಂ ಸೈಜಿನದೊಂದು ತಂದುಕೊಡುತ್ತಾರೆ. ಎರಡು ದಿನ ಹಾಕುತ್ತೀರಿ. ಮೊಣಕಾಲ ಹತ್ತಿರ ಸುರುಳಿ ಸುತ್ತುತ್ತದೆ, ಕಚ್ಚುತ್ತದೆ, ಸೆಕೆಯಾಗುತ್ತದೆ. ಮೂರನೇ ದಿನ ಅದು ಬೀರುವಿನ ಮೂಲೆ ಸೇರುತ್ತದೆ.

ತಪ್ಪು ಆ ಸಾಕ್ಸಿನದಲ್ಲ. ವೈದ್ಯಕೀಯ ಸ್ಟಾಕಿಂಗ್ಸ್ ಅನ್ನುವುದು ಬಟ್ಟೆಯ ರೂಪದಲ್ಲಿರುವ ಔಷಧಿ. ಮಾತ್ರೆಗೆ ಹೇಗೆ ಡೋಸ್ ಇದೆಯೋ ಇದಕ್ಕೂ ಹಾಗೆಯೇ ಒತ್ತಡದ ಲೆಕ್ಕವಿದೆ. ಅಳತೆ ಸರಿಯಿದ್ದರೆ ಕಾಲಿಗೆ ಹಿತ, ತಪ್ಪಿದರೆ ದುಡ್ಡು ದಂಡ. ಕೆಲವರಿಗಂತೂ ಅಪಾಯವೇ ಸರಿ.

ಕಾಲಿನೊಳಗೆ ಏನಾಗುತ್ತದೆ?

ನಿಮ್ಮ ಮನೆಯ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟರನ್ನು ನೆನಪಿಸಿಕೊಳ್ಳಿ. ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದೆ. ಅದು ಸರಿಯಿದ್ದರೆ ಪೈಪಿನಲ್ಲಿ ಏರಿದ ನೀರು ಹಿಂದಕ್ಕೆ ಇಳಿಯುವುದಿಲ್ಲ. ಅದು ಕೆಟ್ಟರೆ ಮೋಟರು ಎಷ್ಟು ಓಡಿದರೂ ನೀರು ಕೆಳಗೇ ಜಾರುತ್ತದೆ.

ಕಾಲಿನ ಕಥೆಯೂ ಇದೇ. ಹೃದಯದಿಂದ ಇಳಿದುಬಂದ ರಕ್ತ ಪಾದದಿಂದ ಮತ್ತೆ ಮೇಲಕ್ಕೆ ಏರಬೇಕು. ಅದನ್ನು ಏರಿಸುವ ಮೋಟರು ನಮ್ಮ ಮೀನಖಂಡದ ಸ್ನಾಯು. ನಡೆದಾಗಲೆಲ್ಲ ಅದು ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತದೆ. ನಾವು ‘ನರ’ ಎಂದು ಕರೆಯುವ ಆ ನೀಲಿ ರಕ್ತನಾಳಗಳ ಒಳಗೆ ಪುಟ್ಟ ಪುಟ್ಟ ಕವಾಟಗಳಿವೆ. ಏರಿದ ರಕ್ತ ಇಳಿಯದಂತೆ ಅವು ತಡೆಯುತ್ತವೆ. ಕವಾಟ ಸಡಿಲವಾದರೆ ರಕ್ತ ಕೆಳಗೇ ನಿಂತು ರಕ್ತನಾಳ ಹಿಗ್ಗುತ್ತದೆ, ಸುತ್ತಿಕೊಳ್ಳುತ್ತದೆ. ಇದೇ ವೇರಿಕೋಸ್ ವೇನ್ಸ್, ಕನ್ನಡದಲ್ಲಿ ಉಬ್ಬಿದ ರಕ್ತನಾಳ.

ಹೆಂಗಸರಿಗೆ ಇದು ಕಾಡಲು ಕಾರಣಗಳಿವೆ. ಬಸುರಿನಲ್ಲಿ ಹಾರ್ಮೋನು ರಕ್ತನಾಳದ ಗೋಡೆಯನ್ನು ಸಡಿಲಗೊಳಿಸುತ್ತದೆ. ದೊಡ್ಡದಾದ ಗರ್ಭಕೋಶ ಹೊಟ್ಟೆಯೊಳಗಿನ ರಕ್ತನಾಳಗಳನ್ನು ಒತ್ತುತ್ತದೆ. ಹೆರಿಗೆ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ತಾಯಿಗೋ ಅಕ್ಕನಿಗೋ ಇದ್ದರೆ ನಿಮಗೂ ಬರುವ ಸಾಧ್ಯತೆ ಜಾಸ್ತಿ. ಇದರ ಮೇಲೆ ಮೈತೂಕ, ತಾಸುಗಟ್ಟಲೆ ಒಂದೇ ಕಡೆ ನಿಲ್ಲುವುದು. ಗ್ಯಾಸ್ ಕಟ್ಟೆಯ ಮುಂದೆ ನಿಂತು ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿಯುವಾಗ ಕೈಗೆ ಪುರುಸೊತ್ತಿಲ್ಲ, ಕಾಲಿಗೆ ಮಾತ್ರ ಚಲನೆಯೇ ಇಲ್ಲ. ಮೋಟರು ಬಂದ್!

ಸೀರೆಯ ಮರೆಯ ಕಾಯಿಲೆ

ಸೀರೆ ಪಾದದವರೆಗೂ ಮುಚ್ಚುತ್ತದೆ. ಹಾಗಾಗಿ ಈ ಕಾಯಿಲೆ ಮನೆಯವರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಬೆಳೆಯುತ್ತದೆ. ಮೊದಲು ಸಂಜೆಯ ಊತ. ಆಮೇಲೆ ಪಾದದ ಗಂಟಿನ ಒಳಬದಿಯಲ್ಲಿ ಕಂದು ಕಲೆ. ಆಮೇಲೆ ತುರಿಕೆ, ಒಣಗಿ ಗಟ್ಟಿಯಾದ ಚರ್ಮ. ಕೊನೆಗೆ ಎಲ್ಲೋ ಸಣ್ಣ ಗೀರು ಬಿದ್ದು ಅದು ಮಾಯದ ಹುಣ್ಣಾಗುತ್ತದೆ. “ಕಜ್ಜಿ ಇರಬೇಕು” ಎಂದು ಮುಲಾಮು ಹಚ್ಚುತ್ತ ತಿಂಗಳುಗಳು ಕಳೆಯುತ್ತವೆ. ಕಂದು ಕಲೆ ಕಂಡಾಗಲೇ ಡಾಕ್ಟರಿಗೆ ತೋರಿಸಿದರೆ ಹುಣ್ಣಿನ ತನಕ ಹೋಗುವುದನ್ನು ತಪ್ಪಿಸಬಹುದು.

ಇನ್ನೊಂದು ಮಾತು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಉಬ್ಬಿದ ರಕ್ತನಾಳ ಕೆಲವೊಮ್ಮೆ ಬಚ್ಚಲಲ್ಲಿ ಕಾಲು ಉಜ್ಜುವಾಗ ಒಡೆದು ರಕ್ತ ಚಿಮ್ಮುತ್ತದೆ. ನೋವೇ ಇರುವುದಿಲ್ಲ, ಆದರೆ ರಕ್ತ ಬಹಳ ಹೋಗುತ್ತದೆ. ಆಗ ನಿಲ್ಲಬೇಡಿ, ಕುರ್ಚಿ ಮೇಲೆ ಕೂರಲೂ ಬೇಡಿ. ಅಲ್ಲೇ ಅಂಗಾತ ಮಲಗಿ, ಕಾಲನ್ನು ಎದೆಗಿಂತ ಮೇಲೆತ್ತಿ, ಶುಭ್ರ ಬಟ್ಟೆ ಮಡಚಿ ಆ ಜಾಗದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮೇಲೆ ಹಗ್ಗವನ್ನೋ ದಾರವನ್ನೋ ಬಿಗಿಯಬೇಡಿ. ರಕ್ತ ನಿಂತ ಮೇಲೂ ಆಸ್ಪತ್ರೆಗೆ ಹೋಗಲೇಬೇಕು.

ಊದಿದ ಕಾಲೆಲ್ಲ ಒಂದೇ ಅಲ್ಲ

ನಮ್ಮ ಭಾಗದಲ್ಲಿ ಕಾಲು ಊದಿದರೆ ಮೊದಲು ಹುಟ್ಟುವ ಭಯ ಆನೆಕಾಲು ರೋಗದ್ದು. ಆ ಭಯಕ್ಕೆ ಕಾರಣವೂ ಇದೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಕಡೆ ಈ ರೋಗ ಹಳೆಯದು. ಐವರ್‌ಮೆಕ್ಟಿನ್, ಡಿಇಸಿ, ಆಲ್ಬೆಂಡಜೋಲ್ ಈ ಮೂರೂ ಮಾತ್ರೆಗಳನ್ನು ಒಟ್ಟಿಗೆ ಕೊಡುವುದು ಸುರಕ್ಷಿತವೇ ಎಂದು ಭಾರತದಲ್ಲಿ ಊರೂರು ಸುತ್ತಿ ಪರೀಕ್ಷಿಸಿದ್ದು ಯಾದಗಿರಿ ಜಿಲ್ಲೆಯಲ್ಲೇ. ಪುದುಚೇರಿಯ ವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದವರು 2016-17ರಲ್ಲಿ ಈ ಕೆಲಸ ಮಾಡಿದರು. ಮನೆಬಾಗಿಲಿಗೆ ಬಂದು ಆಶಾ ಕಾರ್ಯಕರ್ತೆಯರು ಮಾತ್ರೆ ನುಂಗಿಸುವುದು ಈ ರೋಗ ತಡೆಯಲಿಕ್ಕೇ.

ಉಬ್ಬಿದ ರಕ್ತನಾಳಕ್ಕೂ ಆನೆಕಾಲಿಗೂ ಸಂಬಂಧವಿಲ್ಲ. ಆನೆಕಾಲು ಸೊಳ್ಳೆಯಿಂದ ಹರಡುವ ಹುಳುವಿನ ಕಾಯಿಲೆ. ರಕ್ತನಾಳದ ತೊಂದರೆ ಯಾರಿಂದಲೂ ಯಾರಿಗೂ ಅಂಟುವುದಿಲ್ಲ. ಮನೆಯಲ್ಲೇ ಒಂದಿಷ್ಟು ಅಂದಾಜು ಮಾಡಬಹುದು, ಆದರೆ ಕೊನೆಯ ಮಾತು ಡಾಕ್ಟರದ್ದೇ.

• ರಕ್ತನಾಳದ ಊತ ಸಂಜೆ ಹೆಚ್ಚು, ರಾತ್ರಿ ಮಲಗಿ ಎದ್ದರೆ ಬಹುಪಾಲು ಇಳಿದಿರುತ್ತದೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ.

• ಹಳೆಯ ಆನೆಕಾಲಿನ ಊತ ಗಟ್ಟಿ. ಪಾದದ ಮೇಲ್ಭಾಗವೂ ಊದುತ್ತದೆ. ಬೆಳಿಗ್ಗೆಯಾದರೂ ಇಳಿಯುವುದಿಲ್ಲ. ನಡುನಡುವೆ ಚಳಿಜ್ವರ ಬರಬಹುದು.

• ಎರಡೂ ಕಾಲು ಸಮನಾಗಿ ಊದಿ, ಮುಖ ಬಾತಿದ್ದರೆ ಅಥವಾ ಏದುಸಿರು ಇದ್ದರೆ ಹೃದಯ, ಮೂತ್ರಪಿಂಡದ ಪರೀಕ್ಷೆ ಮೊದಲು ಆಗಬೇಕು.

• ಒಂದೇ ಕಾಲು ಒಮ್ಮಿಂದೊಮ್ಮೆಗೆ ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಒಳಗಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಹೆರಿಗೆಯಾದ ಹೊಸತರಲ್ಲಿ, ಆಪರೇಷನ್ ಆದ ಮೇಲೆ ಇದರ ಭಯ ಹೆಚ್ಚು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಕಾಲು ತಿಕ್ಕಿಸಿಕೊಳ್ಳಬೇಡಿ, ಸ್ಟಾಕಿಂಗ್ಸ್ ಹುಡುಕುತ್ತ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಹೊರಡಿ.

ಕೊಳ್ಳುವ ಮೊದಲು ಪಾದದ ನಾಡಿ

ಕೈಯಲ್ಲಿ ನಾಡಿ ಇರುವಂತೆ ಪಾದದಲ್ಲೂ ಇದೆ. ಪಾದದ ಮೇಲ್ಭಾಗದಲ್ಲಿ ಒಂದು, ಪಾದದ ಗಂಟಿನ ಒಳಬದಿಯ ಹಿಂದೆ ಇನ್ನೊಂದು. ಡಾಕ್ಟರು ಅದನ್ನು ಮುಟ್ಟಿ ನೋಡುವುದು ಏಕೆಂದರೆ, ಶುದ್ಧ ರಕ್ತ ಕಾಲಿಗೆ ಸರಿಯಾಗಿ ಇಳಿಯುತ್ತಿದೆಯೇ ಎಂದು ತಿಳಿಯಬೇಕು. ಇಳಿಯುವ ರಕ್ತವೇ ಕಮ್ಮಿಯಿರುವ ಕಾಲಿಗೆ ಹೊರಗಿನಿಂದ ಬಿಗಿದರೆ ಚರ್ಮ ಸಾಯುತ್ತದೆ, ಬೆರಳು ಕಪ್ಪಾಗಬಹುದು.

ಅನುಮಾನ ಬಂದರೆ ಕೈಯ ಬಿಪಿ ಮತ್ತು ಕಾಲಿನ ಬಿಪಿ ಎರಡನ್ನೂ ನೋಡಿ ಹೋಲಿಸುತ್ತಾರೆ. ಕಾಲಿನದನ್ನು ಕೈಯದರಿಂದ ಭಾಗಿಸಿದಾಗ 0.8ರಿಂದ 1.3ರ ನಡುವೆ ಬಂದರೆ ಸಾಮಾನ್ಯವಾಗಿ ಸ್ಟಾಕಿಂಗ್ಸ್ ಹಾಕಬಹುದು. 0.5ಕ್ಕಿಂತ ಕೆಳಗಿದ್ದರೆ ಹಾಕಲೇಬಾರದು. ನಡುವೆ ಇದ್ದರೆ ಡಾಕ್ಟರ ಕಣ್ಗಾವಲಿನಲ್ಲಿ, ಕಮ್ಮಿ ಒತ್ತಡದ್ದು ಮಾತ್ರ. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ರಕ್ತನಾಳ ಗಟ್ಟಿಯಾಗಿ ಈ ಲೆಕ್ಕ 1.3ಕ್ಕಿಂತ ಮೇಲೆ ಬರುವುದುಂಟು. ಅದನ್ನು ‘ಒಳ್ಳೇದಾಯ್ತು’ ಎಂದುಕೊಳ್ಳುವಂತಿಲ್ಲ, ಬೇರೆ ಪರೀಕ್ಷೆ ಬೇಕು.

ಡಾಕ್ಟರನ್ನು ಕೇಳದೆ ಇವರು ಸ್ಟಾಕಿಂಗ್ಸ್ ಮುಟ್ಟಬಾರದು:

• ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು. ಬಿಗಿಯಾದರೂ ಅವರಿಗೆ ಗೊತ್ತಾಗುವುದಿಲ್ಲ.

• ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿದು, ನಿಂತರೆ ಬಿಡುವವರು. ತಂಬಾಕಿನ ಅಭ್ಯಾಸ ಇರುವವರು.

• ಹೃದಯದ ಶಕ್ತಿ ಕುಂದಿದೆ ಎಂದು ಹೇಳಿಸಿಕೊಂಡವರು.

• ಕಾಲಲ್ಲಿ ಹುಣ್ಣು, ಕೀವು, ನೀರು ಸೋರುವ ಇಸುಬು ಇರುವವರು.

ಇದಕ್ಕೆಲ್ಲ ದೂರ ಹೋಗಬೇಕಿಲ್ಲ. ಶಹಾಪುರ, ಸುರಪುರದಲ್ಲಿ ತಾಲೂಕು ಆಸ್ಪತ್ರೆಗಳಿವೆ. ಯಾದಗಿರಿಯಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜು ‘ಯಿಮ್ಸ್’ ಇದೆ. ಜನರಲ್ ಸರ್ಜನ್ ಬಳಿ ಮೊದಲು ತೋರಿಸಿ. ನಿಂತ ಭಂಗಿಯಲ್ಲಿ ಕಾಲಿನ ಡಾಪ್ಲರ್ ಸ್ಕ್ಯಾನ್ ಮಾಡಿದರೆ ಯಾವ ಕವಾಟ ಕೆಟ್ಟಿದೆ ಎಂದು ತಿಳಿಯುತ್ತದೆ. ಮುಂದಿನದು ಬೇಕಾದರೆ ಕಲಬುರಗಿಯ ಜಿಮ್ಸ್, ರಾಯಚೂರಿನ ರಿಮ್ಸ್ ಇವೆ. ಹೈದರಾಬಾದು, ಸೊಲ್ಲಾಪುರಕ್ಕೆ ಹೋಗುವವರೂ ಇದ್ದಾರೆ.

ಬಿಗಿ ಇರಬೇಕಾದದ್ದು ಕೆಳಗೆ

ಈ ಸ್ಟಾಕಿಂಗ್ಸಿನ ಹಿಂದೆ ಒಂದು ಚೆಂದದ ಕಥೆಯಿದೆ. ಅಮೆರಿಕದ ಓಹಾಯೋ ರಾಜ್ಯದ ಟೊಲೆಡೊ ಊರಿನಲ್ಲಿ ಕಾನ್ರಾಡ್ ಜಾಬ್ಸ್ಟ್ ಎಂಬ ಎಂಜಿನಿಯರ್ ಇದ್ದರು. ಅವರಿಗೇ ಕಾಲಿನ ರಕ್ತನಾಳದ ಕಾಯಿಲೆಯಿತ್ತು. ಈಜುಕೊಳದಲ್ಲಿ ನಿಂತಾಗ ಮಾತ್ರ ನೋವು ಇಳಿಯುತ್ತಿತ್ತು. ಯಾಕೆ ಎಂದು ಯೋಚಿಸಿದರು. ನೀರಿನ ಒತ್ತಡ ಆಳಕ್ಕೆ ಹೋದಷ್ಟೂ ಜಾಸ್ತಿ. ಅಂದರೆ ಪಾದದ ಹತ್ತಿರ ಹೆಚ್ಚು, ಮೇಲೆ ಬಂದಂತೆ ಕಮ್ಮಿ. ಅದನ್ನೇ ಬಟ್ಟೆಯಲ್ಲಿ ತರಬಹುದಲ್ಲ! 1950ರ ಸುಮಾರಿಗೆ ಅವರು ಹೀಗೆ ಇಳಿಮುಖ ಒತ್ತಡದ ಸ್ಟಾಕಿಂಗ್ಸ್ ತಯಾರಿಸಿದರು.

ಇವತ್ತಿಗೂ ನಿಯಮ ಅದೇ. ಪಾದದ ಗಂಟಿನ ಹತ್ತಿರ ಅತಿ ಬಿಗಿ, ಮೀನಖಂಡದಲ್ಲಿ ಸ್ವಲ್ಪ ಸಡಿಲ, ಮೇಲೆ ಇನ್ನೂ ಸಡಿಲ. ಕೆಳಗೆ ಸಡಿಲವಾಗಿ ಮೇಲೆ ಮಾತ್ರ ಕಚ್ಚುವ ಸಾಕ್ಸು ರಕ್ತವನ್ನು ಏರಿಸುವ ಬದಲು ಕಟ್ಟಿಹಾಕುತ್ತದೆ. ಉಳುಕಿಗೆ ಸುತ್ತುವ ಕ್ರೇಪ್ ಬ್ಯಾಂಡೇಜನ್ನು ಅಂದಾಜಿಗೆ ಸುತ್ತಿಕೊಂಡರೂ ಇದೇ ಗತಿ.

ಡಬ್ಬಿಯ ಮೇಲಿನ ನಂಬರು ಓದಿ

ಅಂಗಡಿಯಲ್ಲಿ ‘ಕ್ಲಾಸ್ 1’, ‘ಕ್ಲಾಸ್ 2’ ಎನ್ನುತ್ತಾರೆ. ಅಷ್ಟಕ್ಕೇ ತಲೆಯಾಡಿಸಬೇಡಿ. ಈ ಕ್ಲಾಸು ದೇಶದಿಂದ ದೇಶಕ್ಕೆ ಬೇರೆ. ಬ್ರಿಟಿಷ್ ಲೆಕ್ಕದ ಕ್ಲಾಸ್ 2 ಅಂದರೆ 18ರಿಂದ 24. ಜರ್ಮನ್ ಲೆಕ್ಕದ ಕ್ಲಾಸ್ 2 ಅಂದರೆ 23ರಿಂದ 32. ಹೆಸರು ಒಂದೇ, ಬಿಗಿ ಬೇರೆ! ಆದ್ದರಿಂದ ಡಬ್ಬಿಯ ಮೇಲೆ ಒತ್ತಡದ ಅಂಕಿ ಹುಡುಕಿ. ಬಿಪಿ ಅಳೆಯುವ ಎಂಎಂಎಚ್‌ಜಿ ಲೆಕ್ಕದಲ್ಲೇ ಅದು ಇರುತ್ತದೆ. ಡಾಕ್ಟರ ಚೀಟಿಯಲ್ಲೂ ಕ್ಲಾಸಿನ ಜೊತೆಗೆ ಈ ಅಂಕಿ ಬರೆಸಿಕೊಳ್ಳಿ. ಅಂಕಿಯೇ ಇಲ್ಲದ ಡಬ್ಬಿ ವಾಪಸ್ ಕೊಡಿ.

ಕಾಲು ಭಾರ, ಸಂಜೆಯ ಸಣ್ಣ ಊತ ಇದ್ದವರಿಗೆ ಸಾಮಾನ್ಯವಾಗಿ 15ರಿಂದ 20ರ ಆಸುಪಾಸಿನದು ಸಾಕಾಗುತ್ತದೆ. ಉಬ್ಬು ಹೆಚ್ಚಿದ್ದು, ಚರ್ಮ ಕಂದಾಗಿದ್ದರೆ 20ರಿಂದ 30ರ ಆಸುಪಾಸಿನದನ್ನು ಡಾಕ್ಟರು ಬರೆಯಬಹುದು. ಅದಕ್ಕಿಂತ ಮೇಲಿನದು ವಿಶೇಷ ಸಂದರ್ಭಕ್ಕೆ. ಹೆಚ್ಚು ಬಿಗಿಯಿದ್ದರೆ ಹೆಚ್ಚು ಗುಣ ಎಂದು ನೀವೇ ಮೇಲಿನ ನಂಬರಿಗೆ ಹೋಗಬೇಡಿ. ಬೀರುವಿನಲ್ಲಿ ಮಲಗಿರುವ ಬಿಗಿ ಜೋಡಿಗಿಂತ ದಿನಾ ಕಾಲಲ್ಲಿರುವ ಹಗುರ ಜೋಡಿಯೇ ಮೇಲು.

ಆಸ್ಪತ್ರೆಯಲ್ಲಿ ಆಪರೇಷನ್ ಆದವರಿಗೆ ಹಾಕುವ ಬಿಳಿ ಸ್ಟಾಕಿಂಗ್ಸ್ ಇದೆಯಲ್ಲ, ಅದು ಮಲಗಿರುವವರಿಗಾಗಿ ಮಾಡಿದ್ದು. ಅತ್ತೆಯವರ ಆಪರೇಷನ್ನಿನದು ಮನೆಯಲ್ಲಿದೆ ಎಂದು ಅದನ್ನೇ ಹಾಕಿಕೊಂಡು ಕೆಲಸ ಮಾಡಿದರೆ ಪ್ರಯೋಜನವಿಲ್ಲ.

ಟೇಪು ಹಿಡಿಯಿರಿ, ಅದೂ ಬೆಳಿಗ್ಗೆ

ಜಂಪರ್ ಹೊಲಿಸುವಾಗ ಅರ್ಧ ಇಂಚು ಹೆಚ್ಚುಕಮ್ಮಿಯಾದರೂ ಟೇಲರಮ್ಮನ ಹತ್ತಿರ ಎರಡು ಸಲ ಹೋಗುತ್ತೀರಿ. ಕಾಲಿಗೆ ಮಾತ್ರ ‘ಮೀಡಿಯಂ ಕೊಡ್ರಿ’ ಅಂದರೆ ಹೇಗೆ? ಅಳತೆ ತೆಗೆಯುವುದು ಬೆಳಿಗ್ಗೆ, ಹಾಸಿಗೆಯಿಂದ ಎದ್ದ ತಕ್ಷಣ, ಊತ ಬರುವ ಮೊದಲು. ಸಂಜೆ ಊದಿದ ಕಾಲಿನ ಅಳತೆ ಕೊಟ್ಟರೆ ಬೆಳಿಗ್ಗೆ ಅದು ಸಡಿಲ. ಎರಡೂ ಕಾಲನ್ನು ಬೇರೆ ಬೇರೆ ಅಳೆಯಿರಿ, ಸೆಂಟಿಮೀಟರಿನಲ್ಲಿ ಬರೆದಿಡಿ.

• ಪಾದದ ಗಂಟಿನ ಸ್ವಲ್ಪ ಮೇಲೆ, ಕಾಲು ಅತಿ ಸಣ್ಣಗಿರುವ ಜಾಗದ ಸುತ್ತಳತೆ. ಇದೇ ಮುಖ್ಯ ಅಳತೆ.

• ಮೀನಖಂಡ ಅತಿ ದಪ್ಪಗಿರುವ ಜಾಗದ ಸುತ್ತಳತೆ.

• ಕುರ್ಚಿಯಲ್ಲಿ ಕೂತು ಪಾದ ನೆಲಕ್ಕೂರಿ, ಹಿಮ್ಮಡಿಯಿಂದ ಮೊಣಕಾಲಿನ ಹಿಂದಿನ ಮಡಿಕೆಯ ತನಕ ಎತ್ತರ.

• ತೊಡೆಯುದ್ದದ್ದಾದರೆ ತೊಡೆಯ ಸುತ್ತಳತೆ ಮತ್ತು ಪೂರ್ತಿ ಉದ್ದವೂ ಬೇಕು.

ಈ ಚೀಟಿಯನ್ನು ಡಬ್ಬಿಯ ಮೇಲಿನ ಪಟ್ಟಿಯೊಂದಿಗೆ ಹೋಲಿಸಿ ತರಲು ಹೇಳಿ. ಪಾದದ ಗಂಟಿನ ಅಳತೆ ಒಂದು ಸೈಜಿಗೂ ಮೀನಖಂಡದ ಅಳತೆ ಇನ್ನೊಂದಕ್ಕೂ ಬಂದರೆ ಅಂದಾಜಿಗೆ ಒಂದನ್ನು ಎತ್ತಿಕೊಳ್ಳಬೇಡಿ. ಅಳತೆ ಕೊಟ್ಟು ಮಾಡಿಸುವ ಸೌಲಭ್ಯವೂ ಇದೆ.

ಮೊಣಕಾಲುದ್ದವೋ ತೊಡೆಯುದ್ದವೋ? ಬಹಳ ಜನಕ್ಕೆ ಮೊಣಕಾಲಿನ ಕೆಳಗಿನ ತನಕದ್ದೇ ಸಾಕು. ತೊಡೆಯುದ್ದದ್ದು ಜಾರುತ್ತದೆ, ಸೆಕೆ ಜಾಸ್ತಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ನಮ್ಮಂಥವರಿಗೆ ಮೊಣಕಾಲ ಹಿಂದೆ ಮುದುಡಿ ಕಚ್ಚುತ್ತದೆ. ಡಾಕ್ಟರು ಬೇಕೆಂದರಷ್ಟೇ ಅದು.

ಹಾಕಿಕೊಳ್ಳುವ ಜಾಣತನ

ಮೊದಲ ವಾರ ಬೆವರಿಳಿಯುತ್ತದೆ, ನಿಜ. ಆಮೇಲೆ ಕೈ ಪಳಗುತ್ತದೆ.

• ಎದ್ದ ಕೂಡಲೇ, ಸಾಧ್ಯವಾದರೆ ಅರ್ಧ ತಾಸಿನೊಳಗೆ ಹಾಕಿ. ಸ್ನಾನ ಮುಗಿಸಿಯೇ ಹಾಕುವವರು ಕಾಲನ್ನು ಚೆನ್ನಾಗಿ ಒರೆಸಿ, ಹದಿನೈದು ಇಪ್ಪತ್ತು ನಿಮಿಷ ಕಾಲು ಮೇಲಿಟ್ಟು ಮಲಗಿ ಆಮೇಲೆ ಹಾಕಿ.

• ಒಳಗೆ ಕೈ ಹಾಕಿ ಹಿಮ್ಮಡಿಯ ಭಾಗ ಹಿಡಿದು, ಅಲ್ಲಿಯ ತನಕ ಸ್ಟಾಕಿಂಗ್ಸನ್ನು ಒಳಮೇಲು ಮಾಡಿ. ಮೊದಲು ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂರಿಸಿ, ನಂತರ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬಿಡಿಸಿ.

• ತುದಿ ಹಿಡಿದು ಜಗ್ಗಬೇಡಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿ ಅಂಗೈಯಿಂದ ಸವರಿದರೆ ಸಲೀಸಾಗಿ ಏರುತ್ತದೆ, ಉಗುರೂ ತಾಗುವುದಿಲ್ಲ.

• ಸುಕ್ಕು ಉಳಿಯಬಾರದು. ಉದ್ದವಾಯಿತೆಂದು ಮೇಲೆ ಮಡಚಲೇಬಾರದು. ಮಡಚಿದ ಜಾಗದಲ್ಲಿ ಬಿಗಿ ಇಮ್ಮಡಿಯಾಗಿ ರಕ್ತ ಕಟ್ಟುತ್ತದೆ.

• ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ನೋವು ಹೆಚ್ಚಿದರೆ ಕೂಡಲೇ ತೆಗೆದು ಡಾಕ್ಟರಿಗೆ ತೋರಿಸಿ.

• ಟೈಲ್ಸ್ ಮೇಲೆ ಬರೀ ಸ್ಟಾಕಿಂಗ್ಸಿನಲ್ಲಿ ನಡೆಯಬೇಡಿ, ಜಾರುತ್ತದೆ. ಮನೆಯೊಳಗೂ ಹಿಡಿತವಿರುವ ಚಪ್ಪಲಿ ಇರಲಿ.

ಕಾಲುಂಗುರ ತೆಗೀಬೇಕಾ?

ಅಂಗಡಿಯವರೂ ಹೇಳದ, ಡಾಕ್ಟರನ್ನು ಕೇಳಲು ನಾವೂ ಹಿಂಜರಿಯುವ ಪ್ರಶ್ನೆಯಿದು. ಬೆರಳು ಮುಚ್ಚುವ ಸ್ಟಾಕಿಂಗ್ಸಿನ ಒಳಗೆ ಕಾಲುಂಗುರ ಪಕ್ಕದ ಬೆರಳಿಗೆ ಒತ್ತಿ ಗಾಯ ಮಾಡುತ್ತದೆ, ನೂಲನ್ನೂ ಹರಿಯುತ್ತದೆ. ತೆಗೆಯಲು ಮನಸ್ಸಿಲ್ಲದವರಿಗೆ ಬೆರಳು ಬಿಟ್ಟಿರುವ ಮಾದರಿ ಸಿಗುತ್ತದೆ. ಅದನ್ನೇ ಕೇಳಿ ತರಿಸಿ. ಹಾಕುವಾಗ ಉಂಗುರಕ್ಕೆ ನೂಲು ಸಿಕ್ಕದಂತೆ ಪಾದಕ್ಕೆ ತೆಳು ಪ್ಲಾಸ್ಟಿಕ್ ಚೀಲ ತೊಡಿಸಿ, ಅದರ ಮೇಲೆ ಸ್ಟಾಕಿಂಗ್ಸ್ ಜಾರಿಸಿ, ಕೊನೆಗೆ ಬೆರಳ ಕಡೆಯಿಂದ ಚೀಲವನ್ನು ಎಳೆದುಬಿಡಿ.

ಕಾಲ್ಚೈನು ಮಾತ್ರ ಹಗಲು ಬೇಡ. ಒಳಗಿದ್ದರೆ ಚರ್ಮಕ್ಕೆ ಒತ್ತಿ ಹುಣ್ಣಾಗುತ್ತದೆ, ಮೇಲಿದ್ದರೆ ನೂಲು ಹರಿಯುತ್ತದೆ. ಸಂಜೆ ಸ್ಟಾಕಿಂಗ್ಸ್ ತೆಗೆದ ಮೇಲೆ ಹಾಕಿಕೊಳ್ಳಿ. ಒಡೆದ ಹಿಮ್ಮಡಿಗೂ ನೂಲು ಸಿಕ್ಕುತ್ತದೆ. ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆಯೋ ಕ್ರೀಮೋ ಹಚ್ಚಿ ಮೆತ್ತಗಾಗಿಸಿ. ಬೆಳಿಗ್ಗೆ ಎಣ್ಣೆ ಹಚ್ಚಿದ ಕಾಲಿಗೆ ಮಾತ್ರ ಸ್ಟಾಕಿಂಗ್ಸ್ ಬೇಡ, ಅದರ ರಬ್ಬರು ಬೇಗ ಹಾಳಾಗುತ್ತದೆ.

ನಮ್ಮ ಬಿಸಿಲಿಗೆ ಏನು ಮಾಡೋದು?

ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮೂರಿನಲ್ಲಿ ಬಿಗಿ ಸ್ಟಾಕಿಂಗ್ಸ್ ಅಂದರೆ ಯಾರಿಗಾದರೂ ಬೇಸರವೇ. ಆದರೆ ರಕ್ತನಾಳಗಳು ಹಿಗ್ಗಿ ಊತ ಹೆಚ್ಚಾಗುವುದೂ ಬೇಸಿಗೆಯಲ್ಲೇ. ಹಾಗಾಗಿ ಪೂರ್ತಿ ಬಿಡುವ ಬದಲು ವೇಳೆ ಹೊಂದಿಸಿಕೊಳ್ಳಿ. ಹುಣ್ಣು ಮಾದವರು ಮಾತ್ರ ಡಾಕ್ಟರನ್ನು ಕೇಳಿಯೇ ಹೀಗೆ ಮಾಡಬೇಕು.

ನಸುಕಿನಲ್ಲಿ ಹಾಕಿ ಅಡುಗೆ, ಮನೆಗೆಲಸ, ಸಂತೆ ಎಲ್ಲ ಮುಗಿಸಿ. ಊಟವಾದ ಮೇಲೆ ತೆಗೆದು ಕಾಲು ಮೇಲಿಟ್ಟು ಮಲಗಿ. ಶಹಾಪುರದ ಬೆಟ್ಟದಲ್ಲಿ ಮಲಗಿದ ಬುದ್ಧನ ಹಾಗೆ ಸಪಾಟಾಗಿ ಮಲಗಿದರೆ ಸಾಲದು. ಎರಡು ದಿಂಬಿಟ್ಟು ಪಾದ ಎದೆಗಿಂತ ಮೇಲಿರಬೇಕು. ಎದ್ದ ಕೂಡಲೇ ಮತ್ತೆ ಹಾಕಿ, ರಾತ್ರಿ ಮಲಗುವಾಗ ತೆಗೆಯಿರಿ. ತೀರಾ ಸೆಕೆಯಾದರೆ ಹಾಕಿದ ಸ್ಟಾಕಿಂಗ್ಸಿನ ಮೇಲೆ ತಣ್ಣೀರು ಚಿಮುಕಿಸಿಕೊಳ್ಳಬಹುದು. ಕೈ ಬಾರದ ವಯಸ್ಸಾದವರಿಗೆ ಅಂಟುಪಟ್ಟಿ ಇರುವ, ಸುತ್ತಿ ಬಿಗಿಮಾಡುವ ಪಟ್ಟಿಗಳೂ ಬಂದಿವೆ.

ಕೆಲಸದ ನಡುವೆ ಕಾಲಿನ ಮೋಟರು ಓಡಿಸುವುದನ್ನು ಮರೆಯಬೇಡಿ. ಹಂಚಿನ ಮೇಲೆ ರೊಟ್ಟಿ ಹಾಕಿದಾಗಲೆಲ್ಲ ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ. ಕಲಬುರಗಿ ಬಸ್ಸಿನಲ್ಲಿ ಕೂತಾಗ ಪಾದವನ್ನು ಮೇಲೆ ಕೆಳಗೆ ಆಡಿಸಿ. ಸಂಜೆ ಅರ್ಧ ತಾಸು ನಡೆಯಿರಿ.

ದಿನಾ ತೊಳೆಯಿರಿ, ಹಿಂಡಬೇಡಿ

ಎರಡು ಜೋಡಿ ಇರಲಿ. ಒಂದು ಕಾಲಲ್ಲಿ, ಒಂದು ಹಗ್ಗದ ಮೇಲೆ. ಸೌಮ್ಯ ಸೋಪಿನಿಂದ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಕಲ್ಲಿಗೆ ಬಡಿಯುವುದು, ಹಿಂಡುವುದು, ಬ್ಲೀಚಿಂಗ್, ಇಸ್ತ್ರಿ ಯಾವುದೂ ಬೇಡ. ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಗಿಸಿ. ನಮ್ಮ ಬಿಸಿಲಿಗೆ ಹಾಕಿದರೆ ರಬ್ಬರಿನ ಜೀವ ಹೋಗುತ್ತದೆ. ದಿನಾ ಬಳಸಿದರೆ ಮೂರರಿಂದ ಆರು ತಿಂಗಳಿಗೆ ಬಿಗಿ ಇಳಿಯುತ್ತದೆ. ಹಾಕಲು ಸಲೀಸಾಯ್ತು ಅಂತ ಖುಷಿಪಟ್ಟರೆ ಅದೇ ಬದಲಿಸುವ ಕಾಲ ಎಂದು ತಿಳಿಯಿರಿ.

ಇದರಿಂದ ವಾಸಿಯಾಗುತ್ತಾ?

ಇಲ್ಲ. ಕೆಟ್ಟ ಕವಾಟವನ್ನು ಸ್ಟಾಕಿಂಗ್ಸ್ ರಿಪೇರಿ ಮಾಡುವುದಿಲ್ಲ. ಹಾಕಿದಷ್ಟು ಹೊತ್ತು ಊತ, ನೋವು, ಭಾರ ಕಮ್ಮಿ ಮಾಡುತ್ತದೆ. ಕಾಲಿನ ಹುಣ್ಣು ಮಾಯಲು ಡಾಕ್ಟರ ಕೈಯಿಂದ ಕಟ್ಟಿಸುವ ಒತ್ತಡದ ಪಟ್ಟಿ ಬಹಳ ಮುಖ್ಯ. ಮಾದ ಹುಣ್ಣು ಮರಳದಂತೆ ತಡೆಯಲು ಸ್ಟಾಕಿಂಗ್ಸ್ ಬೇಕು. ಉಬ್ಬಿದ ರಕ್ತನಾಳದಿಂದ ತೊಂದರೆಯಿದ್ದು ಚಿಕಿತ್ಸೆ ಸಾಧ್ಯವಿದ್ದರೆ ಬರೀ ಸ್ಟಾಕಿಂಗ್ಸಿನಲ್ಲಿ ಕಾಲ ಕಳೆಯಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲೇ ಡಾಕ್ಟರುಗಳಿಗೆ ಸೂಚನೆ ಕೊಟ್ಟಿದೆ.

ಅದಕ್ಕೆ ಆಧಾರವೂ ಇದೆ. 2004ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಬರೀ ಒತ್ತಡದ ಚಿಕಿತ್ಸೆ ಪಡೆದವರಲ್ಲಿ ಮಾದ ಹುಣ್ಣು ವರ್ಷದೊಳಗೆ ಮರಳಿದ್ದು ಶೇ 28ರಷ್ಟು ಮಂದಿಗೆ. ಜೊತೆಗೆ ಆಪರೇಷನ್ನೂ ಆದವರಲ್ಲಿ ಶೇ 12 ಮಾತ್ರ. 2018ರ ಇನ್ನೊಂದು ಅಧ್ಯಯನದಲ್ಲಿ ಒತ್ತಡದ ಪಟ್ಟಿಯ ಜೊತೆ ರಕ್ತನಾಳದ ಚಿಕಿತ್ಸೆಯನ್ನೂ ಬೇಗ ಮಾಡಿಸಿಕೊಂಡವರ ಹುಣ್ಣು ಮಾಯಲು ಹಿಡಿದದ್ದು ಸರಾಸರಿ ಲೆಕ್ಕದಲ್ಲಿ 56 ದಿನ. ತಡಮಾಡಿದವರಿಗೆ 82 ದಿನ. ಈಗ ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ಕೆಟ್ಟ ರಕ್ತನಾಳವನ್ನು ಮುಚ್ಚುತ್ತಾರೆ. ದೊಡ್ಡ ಗಾಯವಿಲ್ಲ, ಬಹಳ ಜನ ಅವತ್ತೇ ನಡೆದುಕೊಂಡು ಮನೆಗೆ ಬರುತ್ತಾರೆ. ಖರ್ಚಿನ ಚಿಂತೆಯಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ನಿಮ್ಮ ಚಿಕಿತ್ಸೆ ಸೇರುತ್ತದೆಯೇ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ.

ನಿಮ್ಮ ಪ್ರಶ್ನೆಗೆ ಉತ್ತರ

* ರಾತ್ರಿಯೂ ಹಾಕಿಕೊಂಡು ಮಲಗಬೇಕಾ?
ಬೇಡ. ಮಲಗಿದಾಗ ರಕ್ತ ತಾನೇ ಸಲೀಸಾಗಿ ಹೃದಯದ ಕಡೆ ಹರಿಯುತ್ತದೆ. ಡಾಕ್ಟರು ಹಾಕು ಅಂದಿದ್ದರೆ ಮಾತ್ರ ಹಾಕಿ.

* ಬಸುರಿಯರು ಹಾಕಬಹುದಾ?
ಹಾಕಬಹುದು, ಕಾಲಿಗೆ ಆರಾಮ ಸಿಗುತ್ತದೆ. ನಿಮ್ಮ ಹೆರಿಗೆ ಡಾಕ್ಟರನ್ನು ಕೇಳಿ ನಂಬರು ಬರೆಸಿಕೊಳ್ಳಿ. ತಿಂಗಳು ಕಳೆದಂತೆ ಅಳತೆ ಬದಲಾಗುತ್ತದೆ, ನೆನಪಿರಲಿ. ಆಗ ಕಂಡ ಉಬ್ಬು ಹೆರಿಗೆಯಾದ ಕೆಲವು ತಿಂಗಳಲ್ಲಿ ಬಹಳಷ್ಟು ಇಳಿಯುವುದುಂಟು.

* ಉಬ್ಬಿದ ನರದ ಮೇಲೆ ಎಣ್ಣೆ ಹಾಕಿ ಜೋರಾಗಿ ತಿಕ್ಕಿಸಬಹುದಾ?
ಬೇಡವೇ ಬೇಡ. ಒಳಗೆ ಹೆಪ್ಪು ಇದ್ದರೆ ಅಪಾಯ, ತೆಳುವಾದ ಚರ್ಮ ಒಡೆಯಲೂಬಹುದು.

* ಒಂದೇ ಕಾಲಿಗೆ ತೊಂದರೆ. ಎರಡಕ್ಕೂ ಕೊಳ್ಳಬೇಕಾ?
ತೊಂದರೆಯಿರುವ ಕಾಲಿಗೆ ಸಾಕು. ಆದರೆ ಇನ್ನೊಂದು ಕಾಲನ್ನೂ ಡಾಕ್ಟರಿಗೆ ಒಮ್ಮೆ ತೋರಿಸಿ.

ಕೊನೆಗೊಂದು ಮಾತು. ಯಜಮಾನರ ಬಿಪಿ ಮಾತ್ರೆ ತಿಂಗಳ ಸಾಮಾನಿನ ಚೀಟಿಯಲ್ಲಿ ತಪ್ಪದೆ ಇರುತ್ತದೆ. ಮಕ್ಕಳ ಸ್ಕೂಲ್ ಶೂ ಜೂನ್ ಬಂದರೆ ಹೊಸದಾಗುತ್ತದೆ. ನಿಮ್ಮ ಕಾಲಿಗೆ ಬೇಕಾದ್ದು ಮಾತ್ರ “ಮುಂದಿನ ತಿಂಗಳು ನೋಡೋಣ” ಪಟ್ಟಿಗೆ ಸೇರುತ್ತದೆ. ದಿನವಿಡೀ ಇಡೀ ಮನೆಯನ್ನು ಹೊತ್ತು ನಿಲ್ಲುವುದು ಇದೇ ಕಾಲು. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಬೆಳಕಿಗೆ ನಿಂತು, ಸೀರೆ ಸ್ವಲ್ಪ ಎತ್ತಿ, ಎರಡೂ ಪಾದದ ಗಂಟಿನ ಒಳಬದಿ ಒಮ್ಮೆ ನೋಡಿಕೊಳ್ಳಿ. ಕಂದು ಕಲೆ ಇದೆಯೇ? ಇದ್ದರೆ ಮೊದಲು ಡಾಕ್ಟರು, ಆಮೇಲೆ ಟೇಪು, ಕೊನೆಗೆ ಅಂಗಡಿ. ಈ ಸಾಲು ತಪ್ಪಬಾರದು.